ಆರು ಲೀಟರ್ ಗ್ಯಾಸ್ ಗೀಸರ್ ವಿಮರ್ಶೆ: ಉರಿ ಹೊತ್ತಿಸುವ ಕಡ್ಡಿ, ಉರಿ ಕಾಯುವ ಕಡ್ಡಿ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನಂಬಿಕೊಂಡು ಸ್ನಾನದ ನೀರು ಕಾಯಿಸಲಾಗುವುದಿಲ್ಲ. ಗಾಳಿಮಳೆ ಜೋರಾದರೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಬಚ್ಚಲೊಲೆಗೆ ಹಾಕಲು ಒಣ ಸೌದೆಯಾಗಲಿ ಅಡಿಕೆ ಸಿಪ್ಪೆಯಾಗಲಿ ಸಿಗದಷ್ಟು ತೇವ ಎಲ್ಲೆಡೆ ತುಂಬಿಕೊಂಡಿರುತ್ತದೆ. ಹೀಗಾಗಿ ನಿಮಿಷಕ್ಕೆ ಆರು ಲೀಟರ್ ಸಾಮರ್ಥ್ಯದ, ಎರಡು ದಪ್ಪ ಸೆಲ್‌ಗಳ ಬಲದಿಂದ ತಾನೇ ಹೊತ್ತಿಕೊಳ್ಳುವ ಎಲ್‌ಪಿಜಿ ಗ್ಯಾಸ್ ಗೀಸರನ್ನು ನಮ್ಮ ಮನೆಗೆ ತಂದೆವು. ಮಳೆಗಾಲ, ಚಳಿಗಾಲ ಎರಡನ್ನೂ ಅದರೊಂದಿಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂದರೆ ಈ ದರ್ಜೆಯ ಗೀಸರುಗಳ ಹೊರಕವಚ ಬೇರೆ ಬೇರೆಯಾದರೂ ಒಳಗೆ ಉರಿ ಹೊತ್ತಿಸುವ ಮತ್ತು ಉರಿಯನ್ನು ಗುರುತಿಸುವ ವ್ಯವಸ್ಥೆ ಬಹುಮಟ್ಟಿಗೆ ಒಂದೇ ಬಗೆಯದು, ಮತ್ತು ಗೀಸರಿನ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಆ ವ್ಯವಸ್ಥೆಯಲ್ಲಿಯೇ.

ನೀರು ಕಾಯಿಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಆರು ಲೀಟರ್ ಎಂಬ ಲೆಕ್ಕ ಸಾಮಾನ್ಯವಾಗಿ ನೀರಿನ ಉಷ್ಣತೆಯನ್ನು 25 ಡಿಗ್ರಿಯಷ್ಟು ಏರಿಸುವುದಕ್ಕೆ ಸಂಬಂಧಿಸಿದ್ದು. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು 18 ಡಿಗ್ರಿ ಇದ್ದರೆ 43 ಡಿಗ್ರಿಯ ನೀರು ಸಿಗಬೇಕು, ಸಿಗುತ್ತದೆ. ಇದಕ್ಕೆ ನೀರಿಗೆ ಸೇರಬೇಕಾದ ಶಾಖವೇ ಸುಮಾರು 10.5 ಕಿಲೋವ್ಯಾಟ್. ಬರ್ನರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿ 12 ಕಿಲೋವ್ಯಾಟ್ ಎಂದುಕೊಂಡರೆ ಗಂಟೆಗೆ ಒಂದು ಕಿಲೋಗಿಂತ ತುಸು ಕಡಿಮೆ ಅನಿಲ ಬೇಕಾಗುತ್ತದೆ, ಅಂದರೆ ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 150 ಗ್ರಾಂ. 14.2 ಕಿಲೋ ಸಿಲಿಂಡರ್ ಎಷ್ಟು ಸ್ನಾನಕ್ಕೆ ಬರುತ್ತದೆ ಎಂಬುದನ್ನು ಪ್ರತಿ ಮನೆಯವರೂ ಇದರಿಂದ ಲೆಕ್ಕ ಹಾಕಿಕೊಳ್ಳಬಹುದು.

ಅಂಗಡಿಯಲ್ಲಿ ಗೀಸರ್ ಕೊಳ್ಳುವಾಗ ಎಲ್ಲರೂ ಕೇಳುವ ಪ್ರಶ್ನೆ, ತಾನಾಗಿ ಹೊತ್ತಿಕೊಳ್ಳುತ್ತದೆಯೇ ಎಂಬುದು. ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುತ್ತದೆಯೇ, ಎಷ್ಟು ಬೇಗ ನಿಲ್ಲಿಸುತ್ತದೆ ಎಂದು ಕೇಳುವವರು ಕಡಿಮೆ. ಹೊತ್ತಿಸುವುದು ಒಂದು ಕೆಲಸ. ಹೊತ್ತಿದೆಯೇ ಎಂದು ಕ್ಷಣಕ್ಷಣವೂ ನೋಡುತ್ತಿರುವುದು ಇನ್ನೊಂದು ಕೆಲಸ. ಮೊದಲನೆಯದು ಕೆಟ್ಟರೆ ತಣ್ಣೀರಿನ ಸ್ನಾನವಾಗುತ್ತದೆ ಅಷ್ಟೇ, ಎರಡನೆಯದು ಕೆಟ್ಟರೆ ಮನೆಯೊಳಗೆ ಗ್ಯಾಸ್ ತುಂಬಿಕೊಳ್ಳಬಹುದು. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಅದು ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ ಹರಡುತ್ತದೆ, ಗಾಳಿಯಲ್ಲಿ ಶೇಕಡಾ ಎರಡರಷ್ಟು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಗೀಸರಿನ ಮುಂಭಾಗದ ಕವಚ ಬಿಚ್ಚಿದಾಗ ಕಾಣುವ ಎರಡು ಸಣ್ಣ ಕಡ್ಡಿಗಳ ವ್ಯತ್ಯಾಸವನ್ನು ಬಳಸುವವರೆಲ್ಲರೂ ತಿಳಿದಿರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಎರಡೂ ಕಡ್ಡಿಗಳಿಗೆ ಬಿಳಿ ಪಿಂಗಾಣಿಯ ತೊಗಟೆ ಇರುತ್ತದೆ. ಒಂದರ ತುದಿ ಬರ್ನರಿನ ಅಂಚಿನ ಕಡೆಗೆ ಬಾಗಿ, ಲೋಹದಿಂದ ಮೂರರಿಂದ ಐದು ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಟಕ್ ಟಕ್ ಎಂದು ಕಿಡಿ ಹಾರುವುದು ಆ ಸಂದಿನಲ್ಲಿ. ಇನ್ನೊಂದು ಬರ್ನರಿನ ಮೇಲಕ್ಕೆ ಚಾಚಿಕೊಂಡು ಉರಿಯ ಒಳಗೇ ನಿಂತಿರುತ್ತದೆ, ಗೀಸರ್ ಉರಿಯುವಾಗ ಅದರ ತುದಿ ಕೆಂಪಗೆ ಕಾಯುತ್ತದೆ. ಆ ಶಾಖವನ್ನು ತಡೆದುಕೊಳ್ಳಲೆಂದು ಅದನ್ನು ಸಾಮಾನ್ಯವಾಗಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹದಿಂದ ಮಾಡಿರುತ್ತಾರೆ. ಉರಿ ಕಾಯುವ, ಅಂದರೆ ಉರಿ ಇದೆಯೇ ಎಂದು ಕಾವಲಿರುವ ಕಡ್ಡಿ ಇದೇ.

ಇದು ಉರಿಯನ್ನು ಗುರುತಿಸುವುದು ಶಾಖದಿಂದ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ವಿದ್ಯುತ್ತಿನಿಂದ. ಎಲ್‌ಪಿಜಿಯಂತಹ ಹೈಡ್ರೋಕಾರ್ಬನ್ ಉರಿಯುವಾಗ ಜ್ವಾಲೆಯೊಳಗೆ ಧನ ಅಯಾನುಗಳೂ ಬಿಡಿ ಎಲೆಕ್ಟ್ರಾನುಗಳೂ ಹುಟ್ಟುತ್ತವೆ, ಹಾಗಾಗಿ ಉರಿ ಎಂಬುದು ಅತಿ ದುರ್ಬಲವಾದರೂ ಒಂದು ವಿದ್ಯುದ್ವಾಹಕ. ಕಿಡಿ, ಗ್ಯಾಸ್ ಎರಡನ್ನೂ ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆಯು ಸೆಲ್‌ಗಳ 3 ವೋಲ್ಟನ್ನು ಒಳಗೇ ಏರಿಸಿ, ದಿಕ್ಕು ಬದಲಿಸುತ್ತಿರುವ ಎಸಿ ವೋಲ್ಟೇಜನ್ನಾಗಿ ಈ ಕಡ್ಡಿಗೆ ಕೊಡುತ್ತದೆ. ಕಡ್ಡಿ ಧನವಾಗಿರುವಾಗ ಹಗುರವಾದ ಎಲೆಕ್ಟ್ರಾನುಗಳು ಅದರತ್ತ ಸುಲಭವಾಗಿ ಓಡಿಬರುತ್ತವೆ, ಭಾರವಾದ ಧನ ಅಯಾನುಗಳನ್ನು ಬರ್ನರಿನ ವಿಶಾಲ ಮೈ ಹಿಡಿದುಕೊಳ್ಳುತ್ತದೆ. ಕಡ್ಡಿ ಋಣವಾದಾಗ ಆ ನಿಧಾನಗತಿಯ ಅಯಾನುಗಳು ಸಣ್ಣ ಕಡ್ಡಿಯವರೆಗೆ ಬಂದು ಮುಟ್ಟಬೇಕಾದುದರಿಂದ ಹರಿವು ತೀರ ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ಒಂದೇ ದಿಕ್ಕಿನಲ್ಲಿ ಕೆಲವು ಮೈಕ್ರೋಆಂಪಿಯರ್‌ನಷ್ಟು (ಆಂಪಿಯರಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಆಂಪಿಯರ್) ಡಿಸಿ ಪ್ರವಾಹ ಉಳಿಯುತ್ತದೆ, ಪೆಟ್ಟಿಗೆ ಹುಡುಕುವುದು ಅದನ್ನೇ.

ಈ ವಿಧಾನದ ಸೊಗಸು ಅದರ ಸುರಕ್ಷತೆಯಲ್ಲಿದೆ. ತಂತಿ ಸುಲಿದು ಬರ್ನರಿನ ಮೈಗೆ ತಾಗಿದರೆ, ಅಥವಾ ಪಿಂಗಾಣಿಯ ಮೇಲೆ ನೀರು ಕೂತು ಪ್ರವಾಹ ಸೋರಿದರೆ, ಆ ಪ್ರವಾಹ ಎರಡೂ ದಿಕ್ಕಿನಲ್ಲಿ ಸಮನಾಗಿ ಹರಿಯುತ್ತದೆ. ಒಂದೇ ದಿಕ್ಕಿನ ಪ್ರವಾಹ ಕಾಣದ ಪೆಟ್ಟಿಗೆ ಅದನ್ನು ಉರಿ ಎಂದು ಒಪ್ಪದೆ ಗ್ಯಾಸ್ ನಿಲ್ಲಿಸುತ್ತದೆ. ಅಂದರೆ ದೋಷ ಬಂದಾಗ ಅದು ವಾಲುವುದು ಗ್ಯಾಸನ್ನು ಮುಚ್ಚುವ ಕಡೆಗೆ. ಶಾಖವನ್ನು ನಂಬುವ ಸಾಧನಗಳಂತೆ ತಣ್ಣಗಾಗುವವರೆಗೆ ಕಾಯಬೇಕಾದ್ದೂ ಇಲ್ಲ. ಉರಿ ಆರಿದ ಕೂಡಲೇ ಅಯಾನುಗಳೂ ಇಲ್ಲವಾಗುವುದರಿಂದ ಸುದ್ದಿ ತಕ್ಷಣವೇ ಮುಟ್ಟುತ್ತದೆ.

ನಮ್ಮ ಗೀಸರಿನಲ್ಲಿ ಕೆಲಸ ನಡೆಯುವ ಕ್ರಮ ಹೀಗಿದೆ. ನಲ್ಲಿ ತಿರುಗಿಸಿದಾಗ ಹರಿಯುವ ನೀರು ಡಯಾಫ್ರಮ್ ಎಂಬ ಒಂದು ತೆಳು ರಬ್ಬರ್ ಪರದೆಯನ್ನು ಒತ್ತುತ್ತದೆ, ಅದು ಒಂದು ಪಿನ್ನನ್ನು ತಳ್ಳುತ್ತದೆ, ಪಿನ್ನು ಮೈಕ್ರೋಸ್ವಿಚ್ಚನ್ನು ಬಿಡಿಸುತ್ತದೆ. ಪೆಟ್ಟಿಗೆ ಎಚ್ಚೆತ್ತು ಕಿಡಿ ಹಾರಿಸಲು ತೊಡಗುತ್ತದೆ, ವಿದ್ಯುತ್ತಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ವಾಲ್ವನ್ನು ತೆರೆದು ಗ್ಯಾಸ್ ಬಿಡುತ್ತದೆ. ಕೆಲವು ಸೆಕೆಂಡುಗಳೊಳಗೆ ಕಾಯುವ ಕಡ್ಡಿಯಿಂದ ಉರಿಯ ಸುದ್ದಿ ಬರದಿದ್ದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಮತ್ತೆ ಪ್ರಯತ್ನಿಸಲು ನಲ್ಲಿಯನ್ನು ಮುಚ್ಚಿ ತೆರೆಯಬೇಕು. ಈ ಕ್ರಮ ಮನಸ್ಸಿನಲ್ಲಿದ್ದರೆ ಗೀಸರ್ ಕೈಕೊಟ್ಟಾಗ ದೋಷ ಎಲ್ಲಿದೆ ಎಂಬುದನ್ನು ಕಿವಿಯಿಂದಲೇ ಬಹುಪಾಲು ಊಹಿಸಬಹುದು.

ನಲ್ಲಿ ತೆರೆದರೂ ಟಕ್ ಟಕ್ ಶಬ್ದವೇ ಬಾರದಿದ್ದರೆ ಗ್ಯಾಸಿನ ಕಡೆಗಾಗಲಿ ಕಡ್ಡಿಗಳ ಕಡೆಗಾಗಲಿ ನೋಡುವ ಅಗತ್ಯವಿಲ್ಲ. ಸೆಲ್ ಸತ್ತಿರಬೇಕು, ಅದರ ಸ್ಪ್ರಿಂಗಿಗೆ ಕಿಲುಬು ಹಿಡಿದಿರಬೇಕು, ಇಲ್ಲವೇ ನೀರಿನ ಒತ್ತಡ ಸಾಲದಿರಬೇಕು. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲಿನ ಟ್ಯಾಂಕಿನಿಂದ ಹತ್ತು ಅಡಿ ಎತ್ತರದ ನೀರು ಇಳಿದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಮಾತ್ರ; ಅಷ್ಟರಲ್ಲಿ ಕೆಲಸ ಮಾಡುವ ಗೀಸರುಗಳಿವೆ, ಮಾಡದವೂ ಇವೆ. ನೀರು ಒಳಬರುವಲ್ಲಿರುವ ಸಣ್ಣ ಜಾಲರಿಯಲ್ಲಿ ಕಸ ಕಟ್ಟಿದರೆ ಇದ್ದ ಒತ್ತಡವೂ ಹೋಗುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ಕೆಂಪು ನೀರು ಬಂದಾಗ ಆದದ್ದು ಇದೇ, ಜಾಲರಿ ತೊಳೆದ ಮೇಲೆ ಸರಿಹೋಯಿತು. ರೀಚಾರ್ಜ್ ಮಾಡುವ ಸೆಲ್‌ಗಳನ್ನು ಹಾಕಬಾರದು. ಅವು ತಲಾ 1.2 ವೋಲ್ಟಿನವು, ಎರಡು ಸೇರಿದರೂ 2.4 ವೋಲ್ಟ್ ಆಗುತ್ತದೆಯೇ ಹೊರತು ಪೆಟ್ಟಿಗೆಗೆ ಬೇಕಾದ 3 ವೋಲ್ಟ್ ಆಗುವುದಿಲ್ಲ. ಆಲ್ಕಲೈನ್ ಸೆಲ್‌ಗಳೇ ಒಳ್ಳೆಯವು. ಊರಿಗೆ ಹೋಗುವಾಗ ಅವನ್ನು ತೆಗೆದಿಟ್ಟರೆ ಸೋರಿಕೆಯಿಂದ ಪೆಟ್ಟಿಗೆ ಹಾಳಾಗುವುದೂ ತಪ್ಪುತ್ತದೆ.

ಕಿಡಿಯ ಶಬ್ದ ಕೇಳುತ್ತಿದೆ, ಆದರೆ ಉರಿ ಹೊತ್ತುತ್ತಿಲ್ಲ ಎಂದಾದರೆ ಬೇರೆ ದಾರಿ. ರೆಗ್ಯುಲೇಟರ್ ತೆರೆದಿದೆಯೇ, ಸಿಲಿಂಡರಿನಲ್ಲಿ ಗ್ಯಾಸ್ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಹೊಸ ಸಿಲಿಂಡರ್ ಜೋಡಿಸಿದ ಮೇಲೆ ಪೈಪಿನಲ್ಲಿರುವ ಗಾಳಿ ಹೊರಹೋಗುವ ತನಕ ಮೊದಲ ಒಂದೆರಡು ಸಲ ಹೊತ್ತದಿರುವುದು ಸಹಜ. ಸೆಲ್ ಅರ್ಧ ಬಳಲಿದ್ದಾಗಲೂ ಹೀಗೆಯೇ ಆಗುತ್ತದೆ: ಕಿಡಿ ಹಾರಿಸುವಷ್ಟು ಶಕ್ತಿ ಉಳಿದಿರುತ್ತದೆ, ಆದರೆ ಸೊಲೆನಾಯ್ಡಿನ ಕೀಲನ್ನು ಎಳೆದು ತೆರೆಯುವಷ್ಟು ಇರುವುದಿಲ್ಲ. ಕಿವಿಗೊಟ್ಟು ಕೇಳಿದರೆ ಕಿಡಿಯ ಸದ್ದಿನ ಜೊತೆಗೆ ವಾಲ್ವ್ ತೆರೆಯುವ ಮಂದವಾದ ಬಡಿತ ಕೇಳಬೇಕು. ಅದು ಇಲ್ಲದಿದ್ದರೆ ಮೊದಲು ಹೊಸ ಸೆಲ್ ಹಾಕಿ ನೋಡುವುದು ಸರಿ. ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಪಿಂಗಾಣಿಯ ಮೇಲೆ ತೇವವೂ ಮಸಿಯೂ ಕೂತರೆ, ಅಥವಾ ಅದು ಕೂದಲೆಳೆಯಷ್ಟು ಸೀಳಿದರೂ, ಕಿಡಿ ತುದಿಯವರೆಗೆ ಹೋಗದೆ ನಡುವಿನಲ್ಲೇ ಲೋಹಕ್ಕೆ ಜಿಗಿಯುತ್ತದೆ. ಶಬ್ದವೇನೋ ಬರುತ್ತದೆ, ಕಿಡಿ ಮಾತ್ರ ಗ್ಯಾಸ್ ಇರುವಲ್ಲಿ ಹಾರುತ್ತಿಲ್ಲ. ರೆಗ್ಯುಲೇಟರ್ ಮುಚ್ಚಿ, ದೀಪ ಆರಿಸಿ, ಕತ್ತಲೆಯಲ್ಲಿ ನೋಡಿದರೆ ನೀಲಿ ಕಿಡಿ ಎಲ್ಲಿ ಹಾರುತ್ತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ತಡವಾಗಿ, ಧಡ್ ಎಂಬ ಸದ್ದಿನೊಂದಿಗೆ ಹೊತ್ತಿಕೊಳ್ಳುವುದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಿಡಿ ಸಿಗುವ ಮೊದಲೇ ಬರ್ನರಿನ ಸುತ್ತ ಗ್ಯಾಸ್ ಜಮಾ ಆಗಿತ್ತು ಎಂಬುದರ ಸೂಚನೆ ಅದು. ಕಿಡಿಯ ಕಡ್ಡಿ ಜಾಗ ತಪ್ಪಿರಬಹುದು. ಬರ್ನರಿನ ರಂಧ್ರಗಳಲ್ಲಿ ಧೂಳು, ಜೇಡರ ಬಲೆ, ಹುಳ ಕಟ್ಟಿದ ಮಣ್ಣು ಸೇರಿರಬಹುದು. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಗೀಸರನ್ನು ಮತ್ತೆ ಹೊತ್ತಿಸುವ ಮುನ್ನ ಬರ್ನರ್ ಸ್ವಚ್ಛ ಮಾಡಿಸಲೇಬೇಕು.

ಇನ್ನು ಈ ವಿಮರ್ಶೆಗೆ ಕಾರಣವಾದ ಮುಖ್ಯ ದೋಷ. ಚಳಿಗಾಲದ ನಡುವೆ ನಮ್ಮ ಗೀಸರ್ ಹೊಸ ಚಾಳಿ ಹಿಡಿಯಿತು: ನಲ್ಲಿ ತೆರೆದ ಕೂಡಲೇ ಚೆನ್ನಾಗಿ ಹೊತ್ತಿಕೊಳ್ಳುತ್ತಿತ್ತು, ಉರಿ ನೀಲಿಯಾಗಿ ಸಮನಾಗಿ ಇರುತ್ತಿತ್ತು, ಕೆಲವೇ ಸೆಕೆಂಡುಗಳಲ್ಲಿ ಟಕ್ಕನೆ ಆರುತ್ತಿತ್ತು. ಕಂಪನಿಯ ಸೇವಾ ಕೇಂದ್ರದಿಂದ ಬಂದವರು ಕವಚ ಬಿಚ್ಚಿ ನೋಡುವ ಮೊದಲೇ ಕಂಟ್ರೋಲ್ ಪೆಟ್ಟಿಗೆ ಹೋಗಿದೆ, ಬದಲಿಸಬೇಕು ಎಂದರು. ಉರಿ ಹೊತ್ತಿ ನಂತರ ಆರುತ್ತಿದೆ ಎಂದಮೇಲೆ ಸೆಲ್, ಕಿಡಿ, ಸೊಲೆನಾಯ್ಡ್, ಗ್ಯಾಸ್, ನೀರಿನ ಒತ್ತಡ ಎಲ್ಲವೂ ತಮ್ಮ ಕೆಲಸ ಮಾಡಿವೆ ಎಂದೇ ಅರ್ಥ. ಉರಿ ಇದ್ದರೂ ಇದೆ ಎಂಬ ಸುದ್ದಿ ಪೆಟ್ಟಿಗೆಗೆ ಮುಟ್ಟುತ್ತಿಲ್ಲ, ಅಷ್ಟೇ. ಆ ಸುದ್ದಿಯ ದಾರಿಯಲ್ಲಿರುವುದು ಕಾಯುವ ಕಡ್ಡಿ, ಅದರ ತಂತಿ, ಬರ್ನರಿನ ಮೈಯಿಂದ ಪೆಟ್ಟಿಗೆಗೆ ಹಿಂದಿರುಗುವ ಅರ್ಥ್ ತಂತಿ. ಇವನ್ನು ನೋಡದೆ ಪೆಟ್ಟಿಗೆಯನ್ನೇ ಬದಲಿಸಲು ಹೇಳುವುದು ಸರಿಯಾದ ಸೇವೆಯಲ್ಲ.

ಪೇಟೆಯಲ್ಲಿ ಸ್ಟೌವ್ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಕರೆಸಿದೆವು. ಅವರು ರೆಗ್ಯುಲೇಟರ್ ಮುಚ್ಚಿ, ಸೆಲ್ ತೆಗೆದು, ಗೀಸರ್ ತಣ್ಣಗಾದ ಮೇಲೆ ಒಂದೇ ಸ್ಕ್ರೂ ಬಿಚ್ಚಿ ಕಾಯುವ ಕಡ್ಡಿಯನ್ನು ಹೊರತೆಗೆದರು. "ಇಲ್ಲಿ ನೋಡಿ ಮೇಷ್ಟ್ರೇ, ಕಡ್ಡಿ ಸುಟ್ಟಿಲ್ಲ, ಪೊರೆ ಕಟ್ಟಿದೆ" ಎಂದು ಬೆಳಕಿಗೆ ಹಿಡಿದು ತೋರಿಸಿದರು. ತುದಿಯ ಸುಮಾರು ಅರ್ಧ ಇಂಚು ಉದ್ದಕ್ಕೆ ಬೂದುಬಿಳಿ ಬಣ್ಣದ ತೆಳ್ಳನೆಯ ಪದರವಿತ್ತು, ಉಗುರಿನಿಂದ ಕೆರೆದರೂ ಏಳುತ್ತಿರಲಿಲ್ಲ. ಉರಿಯೊಳಗೆ ಸದಾ ಕಾಯುವ ಲೋಹದ ಮೇಲೆ ಆಕ್ಸೈಡ್, ಮಸಿ, ಗಾಳಿಯ ಧೂಳಿನಿಂದ ಬರುವ ಸಿಲಿಕಾ ಸೇರಿ ಇಂತಹ ಪೊರೆ ಬೆಳೆಯುತ್ತದೆ. ಅದು ವಿದ್ಯುತ್ತನ್ನು ತಡೆಯುತ್ತದೆ. ಮೊದಲೇ ಕೆಲವೇ ಮೈಕ್ರೋಆಂಪಿಯರ್ ಇರುವಲ್ಲಿ ಸ್ವಲ್ಪ ತಡೆಯೂ ಸಾಕು, ಪೆಟ್ಟಿಗೆಗೆ ಉರಿ ಕಾಣದಂತಾಗುತ್ತದೆ. ಅವರು ನಯವಾದ ಎಮರಿ ಕಾಗದದಿಂದ ಲೋಹ ಮಿನುಗುವ ತನಕ ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಪಿಂಗಾಣಿಯನ್ನೂ ಒರೆಸಿ ಮತ್ತೆ ಕೂರಿಸಿದರು. ಒರಟು ಕಾಗದದಿಂದ ಉಜ್ಜಿದರೆ ಗೀರುಗಳಲ್ಲಿ ಪೊರೆ ಮತ್ತೆ ಬೇಗ ಕೂರುತ್ತದೆ, ತುದಿಯನ್ನು ಬಾಗಿಸಿದರೆ ಅದು ಉರಿಯಿಂದ ಹೊರಗೆ ನಿಲ್ಲುತ್ತದೆ ಎಂದೂ ಹೇಳಿದರು. ಬರ್ನರಿನ ಪಟ್ಟಿಗೆ ಅರ್ಥ್ ತಂತಿ ಸೇರುವ ಸ್ಕ್ರೂವಿನ ಕೆಳಗೆ ತುಕ್ಕು ಕಟ್ಟಿತ್ತು, ಅದನ್ನೂ ಕೆರೆದು ಬಿಗಿ ಮಾಡಿದರು. ಅಂದಿನಿಂದ ಗೀಸರ್ ನಡುವೆ ಆರಿಲ್ಲ.

ಹೊರಡುವ ಮುನ್ನ ಅವರು ಒಂದು ಪರೀಕ್ಷೆ ಮಾಡಿದರು, ನನಗೆ ಬಹಳ ಹಿಡಿಸಿದ್ದು ಅದೇ. ಗೀಸರ್ ಉರಿಯುತ್ತಿರುವಾಗ, ನೀರು ಹರಿಯುತ್ತಿರುವಂತೆಯೇ ರೆಗ್ಯುಲೇಟರನ್ನು ಮುಚ್ಚಿದರು. ಉರಿ ಕುಗ್ಗಿ ಆರಿತು, ಪೆಟ್ಟಿಗೆ ಕೆಲವು ಸೆಕೆಂಡು ಕಿಡಿ ಹಾರಿಸಿ ನೋಡಿತು, ಉರಿ ಸಿಗದೆ ನಿಂತಿತು, ವಾಲ್ವ್ ಮುಚ್ಚಿದ ಸದ್ದು ಕೇಳಿತು. ಕೆಲವು ಪೆಟ್ಟಿಗೆಗಳು ಹೀಗೆ ಮತ್ತೊಮ್ಮೆ ಕಿಡಿ ಹಾರಿಸುತ್ತವೆ, ಕೆಲವು ನೇರವಾಗಿ ಮುಚ್ಚಿಕೊಳ್ಳುತ್ತವೆ, ಎರಡೂ ಸರಿಯೇ. ಗೀಸರ್ ರಿಪೇರಿ ಎಂದರೆ ಹೊತ್ತಿಸಿ ತೋರಿಸುವುದಷ್ಟೇ ಅಲ್ಲ, ಆರಿಸಿ ತೋರಿಸುವುದೂ ಸೇರಬೇಕು. ನಲ್ಲಿಯನ್ನು ಮುಚ್ಚಿದ ಮೇಲೆಯೇ ರೆಗ್ಯುಲೇಟರ್ ಮತ್ತೆ ತೆರೆಯಬೇಕೆಂಬುದನ್ನು ಮರೆಯಬಾರದು.

ಕಡ್ಡಿ ಸ್ವಚ್ಛವಾಗಿದ್ದೂ ಉರಿ ಆರುತ್ತಿದ್ದರೆ, ಉರಿಯೇ ಕಡ್ಡಿಯನ್ನು ಮುಟ್ಟುತ್ತಿದೆಯೇ ಎಂದು ನೋಡಬೇಕು. ಸಿಲಿಂಡರ್ ಮುಗಿಯುತ್ತ ಬಂದಾಗ, ಅದರಲ್ಲೂ ಚಳಿಯ ಬೆಳಗಿನಲ್ಲಿ, ಗೀಸರ್ ಕೇಳುವಷ್ಟು ವೇಗದಲ್ಲಿ ಗ್ಯಾಸ್ ಆವಿಯಾಗದೆ ಉರಿ ಗಿಡ್ಡವಾಗುತ್ತದೆ. ಗಾಳಿ ಹೆಚ್ಚಾದರೆ ಉರಿ ಬರ್ನರಿನಿಂದ ಮೇಲೆದ್ದು ತೂಗುತ್ತದೆ. ಹತ್ತು ಇಪ್ಪತ್ತು ನಿಮಿಷ ಚೆನ್ನಾಗಿ ನಡೆದು ಆಮೇಲೆ ನಿಂತರೆ ಅದು ಬಹುಶಃ ದೋಷವೇ ಅಲ್ಲ. ಹಲವು ಮಾದರಿಗಳಲ್ಲಿ ಸುಮಾರು 20 ನಿಮಿಷಕ್ಕೆ ನಿಲ್ಲಿಸುವ ಟೈಮರ್ ಇರುತ್ತದೆ, ನೀರು ಮಿತಿಮೀರಿ ಕಾದರೆ ನಿಲ್ಲಿಸುವ ಥರ್ಮೋಸ್ಟಾಟೂ ಇರುತ್ತದೆ. ಯಾವುದೇ ಸಂದರ್ಭದಲ್ಲಿ ಕಾಯುವ ಕಡ್ಡಿಯ ತಂತಿಗೆ ಇನ್ನೇನನ್ನೋ ಜೋಡಿಸಿ ಪೆಟ್ಟಿಗೆಗೆ ಮೋಸ ಮಾಡಲು ಹೊರಡುವ ಮೆಕ್ಯಾನಿಕ್ಕನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು.

ಕಾಯುವ ಕಡ್ಡಿಗೆ ಗೊತ್ತಾಗದ ಒಂದು ಅಪಾಯವಿದೆ, ಅದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಅದು ಉರಿ ಇದೆಯೇ ಎಂದು ನೋಡುತ್ತದೆಯೇ ಹೊರತು ಉರಿ ಆ ಕೋಣೆಯ ಗಾಳಿಯನ್ನು ಏನು ಮಾಡುತ್ತಿದೆ ಎಂದು ನೋಡುವುದಿಲ್ಲ. ಗಾಳಿಯಾಡದ ಬಚ್ಚಲುಮನೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಗ್ಯಾಸಿಗೆ ಬೆರೆಸುವ ಮರ್‌ಕ್ಯಾಪ್ಟಾನಿನ ವಾಸನೆ ಸೋರಿಕೆಯನ್ನು ತಿಳಿಸುತ್ತದೆ, ಇದನ್ನು ತಿಳಿಸುವುದಿಲ್ಲ. ಕರ್ನಾಟಕದಲ್ಲೂ ಇಂತಹ ಸಾವುಗಳು ಮತ್ತೆ ಮತ್ತೆ ಸಂಭವಿಸಿವೆ. ನಮ್ಮ ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಮಳೆ ತಾಗದ ಮಾಡಿನಡಿ ಹಾಕಿಸಿ, ಪೈಪಿನಲ್ಲಿ ನೀರನ್ನಷ್ಟೇ ಒಳಗೆ ತಂದಿದ್ದೇವೆ. ಹಾಗೆ ಹಾಕಲು ಜಾಗವಿಲ್ಲದವರು ಈ ಸಾಧನವನ್ನು ಕೊಳ್ಳದಿರುವುದೇ ಒಳ್ಳೆಯದು, ಅದರಲ್ಲಿ ಎಂತಹ ಸೆನ್ಸರ್ ಇದ್ದರೂ ಸರಿಯೇ.

ಇದೇ ದೃಷ್ಟಿಯಿಂದ ಅಡುಗೆಮನೆಯ ಸ್ಟೌವನ್ನೂ ಒಮ್ಮೆ ನೋಡುವುದು ಉಚಿತ. ಗುಂಡಿ ಒತ್ತಿ ತಿರುಗಿಸಿದಾಗ ಒಂದೇ ಸಲ ಟಕ್ ಎಂದು ಹೊತ್ತುವ ಆಟೋ ಇಗ್ನಿಷನ್ ಸ್ಟೌವುಗಳಲ್ಲಿ ಇರುವುದು ಪೀಜೋ ಹರಳು. 1880ರಲ್ಲಿ ಝಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಕೊಂಡಂತೆ, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಸೆಲ್ ಬೇಡ, ಆದರೆ ಅದು ಹೊತ್ತಿಸುತ್ತದೆಯೇ ವಿನಾ ಕಾಯುವುದಿಲ್ಲ. ಸಿಮ್ಮಿನಲ್ಲಿಟ್ಟ ಹಾಲು ಉಕ್ಕಿ ಉರಿ ಆರಿಸಿದರೆ ಅಂತಹ ಸ್ಟೌವಿನಿಂದ ಗ್ಯಾಸ್ ಬರುತ್ತಲೇ ಇರುತ್ತದೆ. ಕೆಲವು ಹಾಬ್‌ಗಳಲ್ಲಿ (ಅಡುಗೆಕಟ್ಟೆಯಲ್ಲಿ ಹುದುಗಿಸುವ ಸ್ಟೌವುಗಳಲ್ಲಿ) ಮಾತ್ರ ಪ್ರತಿ ಬರ್ನರಿನ ಪಕ್ಕ ಬಿಳಿ ಪಿಂಗಾಣಿಯ ಕಿಡಿಕಡ್ಡಿಯಲ್ಲದೆ ಇನ್ನೊಂದು ಲೋಹದ ಕಡ್ಡಿ ಇರುತ್ತದೆ, ಅದು ಥರ್ಮೋಕಪಲ್. ಇದು ನಿಜಕ್ಕೂ ಶಾಖವನ್ನೇ ನಂಬುತ್ತದೆ: ಎರಡು ಬೇರೆ ಲೋಹಗಳ ಬೆಸುಗೆ ಕಾದಾಗ ಹುಟ್ಟುವ ಕೆಲವೇ ಮಿಲಿವೋಲ್ಟುಗಳು ಒಂದು ಪುಟ್ಟ ವಿದ್ಯುದಯಸ್ಕಾಂತವನ್ನು ಹಿಡಿದಿಟ್ಟು ವಾಲ್ವ್ ತೆರೆದಿರುವಂತೆ ನೋಡಿಕೊಳ್ಳುತ್ತವೆ. ಹೊತ್ತಿಸಿದ ಮೇಲೂ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕಾಗುವುದು ಅದು ಕಾಯಲಿ ಎಂದೇ. ಕೈಬಿಟ್ಟ ಕೂಡಲೇ ಉರಿ ಆರುತ್ತಿದ್ದರೆ ತುದಿಯ ಮೇಲೆ ಸಾರು, ಎಣ್ಣೆ ಸುಟ್ಟು ಅಂಟಿಕೊಂಡಿದೆಯೇ, ಒರೆಸುವಾಗ ತುದಿ ಉರಿಯಿಂದ ದೂರ ಸರಿದಿದೆಯೇ, ಕೆಳಗೆ ವಾಲ್ವಿಗೆ ಸೇರುವ ನಟ್ ಸಡಿಲವಾಗಿದೆಯೇ ಎಂದು ಆ ಕ್ರಮದಲ್ಲಿ ನೋಡಿಸಬೇಕು. ಉರಿ ಆರಿದಾಗ ಇದು ತಣ್ಣಗಾಗಿ ಗ್ಯಾಸ್ ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು, ವಯಸ್ಸಾದವರು ಅಡುಗೆ ಮಾಡುವ ಮನೆಗಳಲ್ಲಂತೂ ಹೆಚ್ಚು ಹಣ ಕೊಟ್ಟಾದರೂ ಇಂತಹ ಹಾಬನ್ನೇ ಕೊಳ್ಳಬೇಕೆಂದು ನಾನು ಹೇಳುತ್ತೇನೆ.

ಗೀಸರಿನ ವಿಷಯಕ್ಕೆ ಮರಳಿದರೆ, ವಿದ್ಯುತ್ ನಂಬಲಾಗದ ಊರುಗಳಿಗೆ ಇದು ತಕ್ಕ ಸಾಧನ. ಬಿಸಿನೀರಿಗೆ ಪೂರ್ಣ ಅಂಕ, ಉರಿ ಗುರುತಿಸುವ ವ್ಯವಸ್ಥೆಗೆ ಬಹುಪಾಲು ಅಂಕ, ಕಂಪನಿಯ ಸೇವೆಗೆ ತೀರ ಕಡಿಮೆ. ಕೊಳ್ಳುವವರು ಭಾರತೀಯ ಮಾನಕವಾದ ಐಎಸ್ 15558ರ ಗುರುತು ಇದೆಯೇ ನೋಡಿಕೊಳ್ಳಲಿ; ಕಾಯುವ ಕಡ್ಡಿ ಬಿಡಿಯಾಗಿ ಸಿಗುತ್ತದೆಯೇ, ಕವಚ ಬಿಚ್ಚಿದಾಗ ಅದನ್ನು ಬರ್ನರ್ ಕಳಚದೆ ತೆಗೆಯಬಹುದೇ ಎಂದು ಅಂಗಡಿಯಲ್ಲೇ ಕೇಳಲಿ. ಕೆಲವು ಮಾದರಿಗಳಲ್ಲಿ ಅದು ಶಾಖ ಹಿಡಿಯುವ ತಾಮ್ರದ ಪೆಟ್ಟಿಗೆಯ ಹಿಂದೆ ಅಡಗಿರುತ್ತದೆ, ಆಗ ಐದು ನಿಮಿಷದ ಸ್ವಚ್ಛತೆಗೆ ಅರ್ಧ ದಿನ ಬೇಕಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಕಡ್ಡಿ ಉಜ್ಜಿಸಿ, ಅರ್ಥ್ ತಂತಿ ನೋಡಿಸಿ, ರೆಗ್ಯುಲೇಟರ್ ಮುಚ್ಚುವ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸಿಕೊಳ್ಳಬೇಕು. ಎಂದಾದರೂ ಗ್ಯಾಸ್ ವಾಸನೆ ಬಂದರೆ ಕಿಡಿ ಪರೀಕ್ಷಿಸಲು ಹೋಗದೆ, ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ ಅದು.